ಆಳದ ಕಲಮು

ಆಸಾರ್ ಮಹಲಿನ ಹಿಂದಿನ ಓಣಿಯಲ್ಲಿ
ಮೂರು ಮೊಳದ ನಮ್ಮ ನಗೀನಾ ಅಂಗಡಿ.
ಅಬ್ಬಾ ಕೂತರೆ ನಾನು ನಿಲ್ಲಬೇಕು,
ನಾನು ಕೂತರೆ ಗಿರಾಕಿ ನಿಲ್ಲಬೇಕು.
ಹಲಗೆಯ ಮೇಲೆ ಬಾಮಿನ ಖಾಲಿ ಡಬ್ಬಿಗಳು,
ಮುಚ್ಚಳಗಳ ಮೇಲೆ ನನ್ನ ಏಳನೇ ಇಯತ್ತೆಯ ಅಕ್ಷರದಲ್ಲಿ
ಊರ ಹೆಸರು. ನಾವ್ಯಾರೂ ಕಾಣದ ಊರು.

ನಿಶಾಪುರದ ಡಬ್ಬಿ ತೆಗೆಯುವ ಮುಂಚೆ
ಅಬ್ಬಾ ಕೈ ಒರೆಸಿಕೊಳ್ಳುತ್ತಾನೆ.
ಗೆರೆಯಿಲ್ಲ, ಚುಕ್ಕೆಯಿಲ್ಲ.
ದೀಪಾವಳಿ ಕಳೆದ ಮೇಲೆ, ಬೆಳಗಿನ ಹನ್ನೊಂದಕ್ಕೆ
ಉಪ್ಪಲಿ ಬುರುಜಿನ ನೆತ್ತಿಗೆ ಇರುತ್ತದಲ್ಲ,
ಆ ನೀಲಿ.
ಅಜಮಿ ಅನ್ನುತ್ತಾರೆ. ಎರಡೇ ಉಳಿದಿವೆ.
ಅದೇ ಗಣಿಯದು, ಮೈತುಂಬ ಕಪ್ಪು ನರ ಬಿದ್ದದ್ದು ಶಜರಿ:
ಕಲ್ಲೊಳಗೊಂದು ಎಲೆ ಉದುರಿದ ಜಾಲಿಗಿಡ.

ಸಿನಾಯಿಯದು ಬಿಸಿಲಿಗೆ ಮುಖ ಕೆಡಿಸಿಕೊಳ್ಳುವ ಜಾತಿ.
ಟಿಬೆಟಿನದು ಕೊತ್ತಂಬರಿ ತೊಳೆದ ನೀರಿನ ಹಸಿರು;
ಚಳಿಗಾಲಕ್ಕೆ ಸ್ವೆಟರ್ ಮಾರಲು ಮುಂಡಗೋಡದಿಂದ ಬರುತ್ತಿದ್ದ ಪೆಮಾ
ಮಾರಲಿಲ್ಲ, ಒತ್ತೆ ಇಟ್ಟಳು.
ಹನ್ನೊಂದು ಚಳಿಗಾಲ ಆಯಿತು.
ಆ ಡಬ್ಬಿಗೆ ಅಬ್ಬಾ ಇನ್ನೂ ಬೆಲೆ ಬರೆಸಿಲ್ಲ.

ಅರಿಜೋನಾದ ಗುಡ್ಡಕ್ಕೆ ಮಲಗಿದ ಸುಂದರಿ ಅಂತ ಹೆಸರಂತೆ,
ಗಣಿ ಮುಚ್ಚಿ ವರ್ಷಗಳಾದವಂತೆ.
‘ಮಲಗಿದಾಕಿನ್ನ ಎಷ್ಟಂತ ಅಗೀತಾರವಾ’
ಅನ್ನುತ್ತ ಅಬ್ಬಾ ಅದರ ರೇಟು ಏರಿಸುತ್ತಾನೆ.

ಕೊನೆಯ ಡಬ್ಬಿಗೆ ಹೆಸರಿಲ್ಲ.
ಬಿಳಿ ಕಲ್ಲಿಗೆ ಬಣ್ಣ ಕುಡಿಸಿದ್ದು, ಜೈಪುರದಿಂದ ಕಿಲೋ ಲೆಕ್ಕದಲ್ಲಿ ಬರುತ್ತದೆ.
ನಮ್ಮ ರೊಟ್ಟಿ ಬೇಯುವುದು ಅದರಿಂದಲೇ.

ಮಂಗಳವಾರ, ಲೈಟು ಹೋದ ಹೊತ್ತಿಗೆ
ಕೇಸ್ಲಿಬಾಯಿ ಬಂದಳು.
ಇಲಕಲ್ಲಿನ ಕ್ವಾರಿಯಲ್ಲಿ ಹದಿನಾರು ವರ್ಷ,
ಉಗುರಿನ ಸಂದಿಯಲ್ಲಿ ಇನ್ನೂ ಕೆಂಪು ಪುಡಿ.
ಪಗಾರಿನ ಬದಲು ಮುಕಾದಮ ಕೊಟ್ಟ ಉಂಗುರ.
‘ಕೊಟ್ಟಾಗ ನೀಲಿ ಇತ್ತು, ಈಗ ಹಸರ ಆಗೇತಿ. ಖೊಟ್ಟಿ ಹೌದಲ್ರಿ?’

ಅಬ್ಬಾ ಭೂತಗನ್ನಡಿ ಕಣ್ಣಿಗೆ ಒತ್ತಿದ.
‘ಖೊಟ್ಟಿ ಬಣ್ಣ ಬಿಡತೈತಿ, ಖರೇದು ಬಣ್ಣ ಬದಲಸತೈತಿ.
ನಿನ್ನ ಬೆವರ ಕುಡದೈತಿ ಇದು, ಶೇಂಗಾ ಎಣ್ಣಿ ಕುಡದೈತಿ.
ಯಾವ ಗಣೀದು ಅಂತ ಈಗ ಹೇಳಾಕ ಬರೂದಿಲ್ಲ.’

ಉಳಿದವನ್ನೂ ತೋರಿಸು ಅಂದಳು.
ಮಾರಲು ಬಂದವಳು, ಕೊಳ್ಳುವವಳ ಹಾಗೆ ಕೂತಳು.
ಅಬ್ಬಾ ಡಬ್ಬಿ ಬಿಚ್ಚಿದ, ಊರು ಹೇಳಿದ, ಕ್ಯಾರೆಟ್ಟು ಹೇಳಿದ.
ಅವಳು ಕೇಳಿದ್ದೇ ಬೇರೆ.
‘ಎಷ್ಟು ಫೂಟಿಗೆ ಹತ್ತತಾವ ಇವು?
ಒಳಗ ನೀರ ಬರ್ತಾವೇನು?
ಮದ್ದ ಇಡತಾರೋ, ಉಳೀಲೆ ತಗೀತಾರೋ?
ಹೆಣಮಕ್ಕಳಿಗೆ ಪಗಾರ ಎಷ್ಟ ಕೊಡತಾರ?’

ಪೈಸೆಯ ತನಕ ಬೆಲೆ ಬಲ್ಲ ನನ್ನ ಅಬ್ಬಾ
ತಕ್ಕಡಿಯ ಮುಳ್ಳು ಒರೆಸತೊಡಗಿದ.

ಆಮೇಲೆ ಅವಳು ಒಂದು ಮಾಡಿದಳು, ಕೇಳದೆಯೇ.
ಅಜಮಿಯನ್ನು ಎತ್ತಿ ನಾಲಿಗೆಯ ತುದಿಗೆ ಇಟ್ಟಳು.
ಅಬ್ಬಾನ ಬಾಯಿ ಅರ್ಧ ತೆರೆದು ಹಾಗೇ ನಿಂತಿತು.
ನಾಲಿಗೆ ಹಚ್ಚಿ ಕಲ್ಲು ನೋಡುವ ಹಿಕಮತ್ತು
ತನ್ನ ವಸ್ತಾದ ಬಿಟ್ಟರೆ ತನಗೊಬ್ಬನಿಗೇ ಗೊತ್ತು ಅಂದುಕೊಂಡಿದ್ದ.
ಅವಳು ಕಣ್ಣು ಮುಚ್ಚಿ,
ಒಂದಿಷ್ಟು ಹೊತ್ತು,
‘ಇದರಾಗ ನೀರೈತ್ರಿ’ ಅಂದಳು.

ನನ್ನ ಪೀಯೂಸಿ ನೋಟ್‌ಬುಕ್ಕಿನಲ್ಲಿದೆ ಅದು:
ತಾಮ್ರ, ಅಲ್ಯೂಮಿನಿಯಂ, ರಂಜಕ, ಮತ್ತೆ
ಒಣ ಬೆಟ್ಟದೊಳಗೆ ಹೇಗೋ ಸಿಕ್ಕಿಬಿದ್ದ ನೀರು.
ಬಾಯಿಪಾಠ ಮಾಡಿ ಐದು ಮಾರ್ಕು ತಗೊಂಡಿದ್ದೆ.

ಕಲ್ಲನ್ನು ಸೆರಗಿನ ಕನ್ನಡಿಚೂರುಗಳ ನಡುವೆ ಒರೆಸಿ ವಾಪಸು ಇಟ್ಟಳು.
ಉಂಗುರ ಮಾರಲಿಲ್ಲ. ಬೆರಳಿಗೆ ತಿರುಗಿಸಿ ತಿರುಗಿಸಿ ಏರಿಸಿದಳು,
ಗೆಣ್ಣು ದಪ್ಪಗಾಗಿತ್ತು, ನಾನು ಸೋಪು ಕೊಟ್ಟೆ.
ಸೋಪು ಕಲ್ಲಿಗೆ ಆಗದು ಅಂತ ಅಬ್ಬಾ ಬೈಯಲಿಲ್ಲ.

ಬಾಗಿಲು ಹಾಕುವ ಮುಂಚೆ ಖಾತೆ ಬಿಚ್ಚಿದೆ.
ಊರು, ತೂಕ, ಬೆಲೆ,
ಅವುಗಳ ಪಕ್ಕಕ್ಕೆ ಇನ್ನೊಂದು ಕಲಮು ಎಳೆದು
ಮೇಲೆ ‘ಆಳ’ ಅಂತ ಬರೆದೆ.
ಕೆಳಗೆ ಬರೆಯಲು ಏನೂ ಇರಲಿಲ್ಲ.
ಅಬ್ಬಾ ಬಗ್ಗಿ ನೋಡಿದ, ಬಹಳ ಹೊತ್ತು ನೋಡಿದ.
‘ಗೆರಿ ಸೊಟ್ಟ ಆಗೇತಿ’ ಅಂದ.